ಹೇಳಿದಂತೆ, ಹೇಳಿತಂತೆ

ಭದ್ರಾವತಿಯ ಪೇಪರ್ ಟೌನಿನಲ್ಲಿ ಬೆಳೆದ ಮಕ್ಕಳಿಗೆ ಮೂರು ನಾಲ್ಕು ಭಾಷೆ ಬರುತ್ತಿದ್ದುದು ಜಾಣತನದಿಂದಲ್ಲ, ನಲ್ಲಿಯ ಮುಂದೆ ಕೊಡ ಇಟ್ಟುಕೊಂಡು ಕಾದು ನಿಂತದ್ದರಿಂದ. 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆಗೂ ಅದಕ್ಕಿಂತ ಹಳೆಯದಾದ ಕಬ್ಬಿಣದ ಕಾರ್ಖಾನೆಗೂ ದುಡಿಯಲು ಬಂದವರಲ್ಲಿ ತಮಿಳರು, ತೆಲುಗರು, ಮಲಯಾಳಿಗಳು ಬೇಕಾದಷ್ಟು ಜನರಿದ್ದರು. ನಮ್ಮ ಮನೆಯಲ್ಲಿ ದಖ್ಖನಿ, ಗೋಡೆಯಾಚೆಗೆ ತಮಿಳು, ಶಾಲೆಯಲ್ಲಿ ಕನ್ನಡ. ದಖ್ಖನಿಯನ್ನು ಸರ್ಕಾರಿ ಕಾಗದಗಳಲ್ಲಿ ಉರ್ದು ಎಂದು ಬರೆಯುತ್ತಾರೆ. ಅವೆರಡೂ ಒಂದೇ ಅಲ್ಲವೆಂಬುದು ಮುಂದೆ ಹೇಳಬೇಕಾದ ಮಾತು. ಮೂವತ್ತೊಂದು ವರ್ಷ ಕನ್ನಡ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡಿ ನಿವೃತ್ತಳಾದ ಮೇಲೆ ಈ ನಲ್ಲಿಯ ಬಳಿಯ ವಿದ್ಯೆಯೇ ನನ್ನನ್ನು ಮಕ್ಕಳ ರಕ್ಷಣೆಯ ಕೆಲಸದ ಅಂಚಿಗೆ ತಂದು ನಿಲ್ಲಿಸಿತು. ದೌರ್ಜನ್ಯಕ್ಕೆ ಒಳಗಾದ ಮಗುವಿಗೆ ಕನ್ನಡ ಬಾರದಿದ್ದಾಗ ಅದರ ಮಾತನ್ನು ಕನ್ನಡಕ್ಕೆ ದಾಟಿಸುವ ದುಭಾಷಿಗಳ ಪಟ್ಟಿಯಲ್ಲಿ ನನ್ನ ಹೆಸರೂ ಇದೆ.

ಈ ಪಟ್ಟಿ ಯಾರದೋ ಔದಾರ್ಯದಿಂದ ಹುಟ್ಟಿದ್ದಲ್ಲ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಕಾಯ್ದೆ, ಅಂದರೆ ಎಲ್ಲರ ಬಾಯಲ್ಲಿರುವ ಪೋಕ್ಸೊ, ತನ್ನ 19ನೆಯ ಕಲಮಿನ ನಾಲ್ಕನೆಯ ಉಪಕಲಮಿನಲ್ಲಿ ಹೇಳುವುದು ಇಷ್ಟು: ದೂರನ್ನು ಬರೆದುಕೊಳ್ಳುತ್ತಿರುವ ಭಾಷೆ ಮಗುವಿಗೆ ತಿಳಿಯದಿದ್ದರೆ ಅದಕ್ಕೆ ಅನುವಾದಕರನ್ನೋ ದುಭಾಷಿಯನ್ನೋ ಒದಗಿಸತಕ್ಕದ್ದು. ಹೇಳಿಕೆ ಬರೆದುಕೊಳ್ಳುವಾಗಿನ ಸಹಾಯಕ್ಕೆ 26ನೆಯ ಕಲಮೂ ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿಯುವಾಗಿನ ಸಹಾಯಕ್ಕೆ 38ನೆಯ ಕಲಮೂ ಇವೆ. 2020ರ ನಿಯಮಗಳ ಪ್ರಕಾರ ಜಿಲ್ಲಾ ಮಕ್ಕಳ ರಕ್ಷಣಾ ಘಟಕವು ದುಭಾಷಿಗಳ ಹೆಸರು ವಿಳಾಸಗಳ ವಹಿಯೊಂದನ್ನು ಇಟ್ಟಿರಬೇಕು. ಅರ್ಹತೆಯ ವಿಚಾರದಲ್ಲಿ ನಿಯಮ ಬರೆದವರು ತೋರಿಸಿದ ವಿವೇಕ ನನಗೆ ತುಂಬ ಹಿಡಿಸಿತು. ಪದವಿ ಬೇಕೆಂದು ಅವರು ಕೇಳಿಲ್ಲ. ಆ ಭಾಷೆ ದುಭಾಷಿಯ ಮನೆಮಾತಾಗಿರಬಹುದು, ಪ್ರಾಥಮಿಕ ಹಂತದವರೆಗೆ ಓದಿದ ಮಾಧ್ಯಮವಾಗಿರಬಹುದು, ಇಲ್ಲವೇ ಆ ಭಾಷೆಯನ್ನಾಡುವ ಪ್ರದೇಶದಲ್ಲಿ ನೆಲೆಸಿ ಅಥವಾ ದುಡಿದು ಕಲಿತದ್ದಾಗಿರಬಹುದು. ಅದರ ಜೊತೆಗೆ ರಾಜ್ಯಭಾಷೆ ಗೊತ್ತಿದ್ದರೆ ಸಾಕು. ಸಂಭಾವನೆಯು ಕನಿಷ್ಠ ಕೂಲಿ ಕಾಯ್ದೆಯನ್ವಯ ಕುಶಲ ಕೆಲಸಗಾರನಿಗೆ ಸಲ್ಲುವ ದಿನಗೂಲಿಗಿಂತ ಕಡಿಮೆ ಇರಬಾರದೆಂದೂ ಹೇಳಿದ್ದಾರೆ. ಗಾರೆ ಮೇಸ್ತ್ರಿಯ ಸಾಲಿನಲ್ಲಿ ದುಭಾಷಿಯನ್ನು ಕೂರಿಸಿದ್ದು ಸರಿಯಾಗಿಯೇ ಇದೆ ಎಂದು ನನ್ನ ಅನಿಸಿಕೆ, ಎರಡರಲ್ಲೂ ಒಂದು ಕಲ್ಲು ವಾಲಿದರೆ ಮೇಲಿನದೆಲ್ಲ ವಾಲುತ್ತದೆ.

ನಾನು ಹಾಗೆ ವಾಲಿಸಿದ್ದನ್ನು ಹೇಳಿಬಿಡುತ್ತೇನೆ. ಮಗುವಿನ ಗುರುತು ಬಯಲಾಗುವಂಥದ್ದನ್ನು ಪ್ರಕಟಿಸುವುದನ್ನು ಕಾಯ್ದೆಯ 23ನೆಯ ಕಲಂ ನಿಷೇಧಿಸುವುದರಿಂದ ಊರು, ವರ್ಷ, ವಯಸ್ಸು ಯಾವುದನ್ನೂ ಇಲ್ಲಿ ಬರೆಯುವುದಿಲ್ಲ, ಉಳಿದ ವಿವರಗಳನ್ನೂ ಅದಲು ಬದಲು ಮಾಡಿದ್ದೇನೆ.

ಅದು ಮಳೆಗಾಲ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಮಗು ಇಷ್ಟಪಡುವ ಜಾಗದಲ್ಲಿ, ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಬರೆದುಕೊಳ್ಳಬೇಕೆಂದು 24ನೆಯ ಕಲಂ ಹೇಳುತ್ತದೆ. ಅದರಂತೆ ಚೂಡಿದಾರ್ ಧರಿಸಿ ಬಂದಿದ್ದ ಅಧಿಕಾರಿಯೊಬ್ಬರು ಅಜ್ಜಿಯ ಮನೆಯ ಜಗಲಿಯಲ್ಲಿ ಕುಳಿತು ಬರೆದುಕೊಳ್ಳುತ್ತಿದ್ದರು. ತಗಡಿನ ಮಾಡಿನ ಮೇಲೆ ಮಳೆ ಜೋರಾದಾಗಲೆಲ್ಲ ಎಲ್ಲರೂ ಸುಮ್ಮನಾಗಿ ಕಾಯಬೇಕಾಗಿತ್ತು, ಅದರಿಂದ ಹುಡುಗಿಗೆ ಉಸಿರಾಡಲು ಬಿಡುವು ಸಿಕ್ಕಿದ್ದು ಒಳ್ಳೆಯದೇ ಆಯಿತು. ಹುಡುಗಿ ದಖ್ಖನಿಯಲ್ಲಿ ಹೇಳುತ್ತಿದ್ದಳು, ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಅವಳು ‘ವೋ ಆಯಾ’ ಎಂದಳು. ನಾನು ‘ಅವನು ಬಂದನಂತೆ’ ಎಂದೆ. ಅವಳು ‘ದರವಾಜಾ ಲಗಾಯಾ’ ಎಂದಳು. ನಾನು ‘ಬಾಗಿಲು ಹಾಕಿದನಂತೆ’ ಎಂದೆ. ಹೀಗೆ ಹತ್ತು ನಿಮಿಷ ಸಾಗಿದ ಮೇಲೆ ಅಧಿಕಾರಿ ಪೆನ್ನು ಎತ್ತಿ, ತುಸುವೂ ದನಿಯೇರಿಸದೆ ಕೇಳಿದರು: “ಮೇಡಂ, ಇದು ಮಗು ತಾನೇ ಕಂಡದ್ದೋ, ಅಥವಾ ಯಾರೋ ಹೇಳಿದ್ದನ್ನು ಕೇಳಿದ್ದೋ?”

ನನ್ನ ಮೈಯೆಲ್ಲ ತಣ್ಣಗಾಯಿತು. ಅವರು ಬರೆದುಕೊಂಡಿದ್ದ ಒಂದೂವರೆ ಪುಟದ ತುಂಬ ಸಾಲುಸಾಲಾಗಿ ‘ಅಂತೆ’ ಇತ್ತು. ಮಗು ತನ್ನ ಮೈಮೇಲೆ ನಡೆದದ್ದನ್ನು ಹೇಳಿತ್ತು; ನಾನು ಅದನ್ನು ಸಂತೆಯಲ್ಲಿ ಕೇಳಿಬಂದ ಸುದ್ದಿಯನ್ನಾಗಿ ಮಾಡಿದ್ದೆ. ಕನ್ನಡಿಗರಾದ ನಾವು ಬೇರೆಯವರ ಮಾತನ್ನು ಒಪ್ಪಿಸುವಾಗ ‘ಅಂತೆ’ ಸೇರಿಸುವುದು ಸಭ್ಯತೆಯಿಂದ: ಇದು ನನ್ನ ಮಾತಲ್ಲ, ಅವರದು, ನಾನು ಕಂಡವಳಲ್ಲ ಎಂಬ ವಿನಯ ಅದರಲ್ಲಿದೆ. ಆದರೆ ಆ ವಿನಯದ ಬೆನ್ನಿಗೇ ಒಂದು ಅನುಮಾನವೂ ಅಂಟಿಕೊಂಡಿರುತ್ತದೆ. ದಖ್ಖನಿಯಲ್ಲಿಯೂ ಇದಕ್ಕೆ ಸರಿಸಮನಾದ ಒಂದು ಪದವಿದೆ, ‘ಕತೆ’. ‘ಆಯಾ ಕತೆ’ ಎಂದರೆ ‘ಬಂದನಂತೆ’. ಪುಸ್ತಕದ ಉರ್ದು ಮಾತ್ರ ಓದಿದವರಿಗೆ ಇದು ಗೊತ್ತಿರುವುದಿಲ್ಲ, ನನಗೆ ಹುಟ್ಟಿನಿಂದಲೇ ಗೊತ್ತು. ಆ ಹುಡುಗಿ ಒಂದೇ ಒಂದು ಸಲವೂ ‘ಕತೆ’ ಎನ್ನಲಿಲ್ಲ. ಅವಳಲ್ಲಿಲ್ಲದ ಸಂಶಯವನ್ನು ಅವಳ ಬಾಯಿಗೆ ಹಾಕಿದವಳು ನಾನು.

ಕನ್ನಡದ ‘ಅಂತೆ’ಗೆ ಎರಡು ಮುಖಗಳಿವೆ. ‘ಹೇಳಿದಂತೆ’ ಎಂದಾಗ ಅದು ನಿಷ್ಠೆ, ‘ಹೇಳಿತಂತೆ’ ಎಂದಾಗ ಅದು ಗಾಳಿಮಾತು. ಮ್ಯಾಜಿಸ್ಟ್ರೇಟರು ಮಗುವಿನ ಹೇಳಿಕೆಯನ್ನು ಮಗು ಹೇಳಿದಂತೆಯೇ ಬರೆದುಕೊಳ್ಳಬೇಕೆಂದು 25ನೆಯ ಕಲಂ ವಿಧಿಸುತ್ತದೆ. ನಡುವೆ ಕುಳಿತ ದುಭಾಷಿ ಎಚ್ಚರ ತಪ್ಪಿದರೆ ಹೇಳಿದಂತೆ ಬರೆಯಬೇಕಾದದ್ದು ಹೇಳಿತಂತೆ ಎಂದಾಗುವುದಕ್ಕೆ ಅರೆಗಳಿಗೆ ಸಾಕು. ಅಂದು ಎಲ್ಲವನ್ನೂ ಹೊಡೆದುಹಾಕಿ ಮೊದಲಿನಿಂದ ಬರೆಯಬೇಕಾಯಿತು. ಮಗುವಿನಿಂದ ಒಂದೇ ವಿಷಯವನ್ನು ಮತ್ತೆ ಮತ್ತೆ ಹೇಳಿಸಬಾರದೆಂದು ಎಷ್ಟೆಲ್ಲ ಕಾಳಜಿ ವಹಿಸುವ ವ್ಯವಸ್ಥೆಯಲ್ಲಿ ನನ್ನ ಒಂದು ಪ್ರತ್ಯಯದ ದೆಸೆಯಿಂದ ಅವಳು ಅದೆಲ್ಲವನ್ನೂ ಎರಡನೆಯ ಸಲ ಹೇಳಿದಳು.

ಆಮೇಲಿಂದ ನಾನು ಪಾಲಿಸಿಕೊಂಡು ಬಂದಿರುವ ಕ್ರಮವೆಂದರೆ ಮಗುವಿನ ಮಾತನ್ನು ಮಗುವಿನದೇ ‘ನಾನು’ ಇಟ್ಟುಕೊಂಡು ಹೇಳುವುದು. ನೆರೆಗೂದಲಿನ ಹೆಂಗಸೊಬ್ಬಳು ‘ನಾನು ಅಂಗಳದಲ್ಲಿ ಕುಂಟೆಬಿಲ್ಲೆ ಆಡ್ತಾ ಇದ್ದೆ’ ಎಂದಾಗ ಕೇಳುವವರಿಗೆ ಇರುಸುಮುರುಸಾಗುತ್ತದೆ. ಆದ್ದರಿಂದ ಶುರುವಿನಲ್ಲಿಯೇ, ನಾನು ‘ನಾನು’ ಎಂದರೆ ಅದು ಮಗು, ನನ್ನದೇ ಮಾತಿದ್ದರೆ ‘ದುಭಾಷಿ ಕೇಳುತ್ತಿದ್ದಾಳೆ’ ಎಂದು ಬೇರೆಯಾಗಿ ಹೇಳುತ್ತೇನೆ ಎಂದು ತಿಳಿಸಿಬಿಡುತ್ತೇನೆ. ಇದಕ್ಕಿಂತಲೂ ಕಷ್ಟವಾದದ್ದು ಮೇಷ್ಟರಗಿತ್ತಿಯ ಚಟವನ್ನು ಬಿಡುವುದು. ಅರೆಬರೆ ವಾಕ್ಯವನ್ನು ಪೂರ್ತಿ ಮಾಡಿ, ಕ್ರಿಯಾಪದ ತಿದ್ದಿ, ಒರಟು ಮಾತನ್ನು ಒರೆಸಿ ಕೊಡಲು ನಾಲಗೆ ತವಕಿಸುತ್ತದೆ. ದೇಹದ ಅಂಗಗಳಿಗೆ ಪ್ರತಿ ಮನೆಯಲ್ಲಿಯೂ ಒಂದೊಂದು ಮುದ್ದಿನ ಹೆಸರು ಇರುತ್ತದೆ. ಮಗು ಆ ಹೆಸರನ್ನು ಹೇಳಿದಾಗ ‘ಗುಪ್ತಾಂಗ’ ಎಂದು ಶುದ್ಧಗೊಳಿಸಿದರೆ ಆ ಹೇಳಿಕೆ ದೊಡ್ಡವರು ಕಲಿಸಿಕೊಟ್ಟದ್ದರಂತೆ ಕೇಳಿಸುತ್ತದೆ. ಮಗುವಿನ ಪದವನ್ನೇ ಬರೆಸಿ, ಅದರ ಅರ್ಥವೇನೆಂದು ಮಗುವಿನಿಂದಲೇ ಕೇಳಿಸಿಕೊಳ್ಳಬೇಕು.

ಸಣ್ಣ ಪದಗಳೇ ಹೆಚ್ಚು ತೊಂದರೆ ಕೊಡುವುದು. ಹಿಂದಿ, ಉರ್ದು, ದಖ್ಖನಿ ಮೂರರಲ್ಲಿಯೂ ‘ಕಲ್’ ಎಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. ವಾಕ್ಯ ಪೂರ್ಣವಾಗಿದ್ದರೆ ಕ್ರಿಯಾಪದ ದಾರಿ ತೋರಿಸುತ್ತದೆ, ಆದರೆ ಹೆದರಿದ ಮಕ್ಕಳು ಪೂರ್ಣ ವಾಕ್ಯದಲ್ಲಿ ಮಾತನಾಡುವುದಿಲ್ಲ. ‘ಕಲ್ ಭೀ’ ಎಂದು ಒಂದು ಮಗು ಹೇಳಿದರೆ ನಿನ್ನೆಯೂ ಹೀಗಾಯಿತು ಎಂದೋ, ನಾಳೆಯೂ ಬರುತ್ತೇನೆಂದು ಅವನು ಬೆದರಿಸಿದ್ದಾನೆ ಎಂದೋ? ಎರಡನೆಯದಾಗಿದ್ದರೆ ಆ ಮಗುವನ್ನು ಅಂದು ರಾತ್ರಿ ಆ ಮನೆಯಲ್ಲಿ ಬಿಡುವಂತಿಲ್ಲ. ತಮಿಳು ಮಗು ‘ಅಡಿಚ್ಚಾಂಗ’ ಎಂದರೆ ಹೊಡೆದರು. ಹಲವರು ಸೇರಿ ಹೊಡೆದರೋ, ಬಹುವಚನ ಕೊಟ್ಟು ಮಾತನಾಡಬೇಕಾದ ಒಬ್ಬರೇ ಹೊಡೆದರೋ? ನಮ್ಮ ‘ಹೊಡೆದ್ರು’ವಿಗೂ ಇದೇ ಪೇಚು ಇದೆ, ಎರಡೂ ಕಡೆ ಒಂದೇ ಬಗೆಯ ಮಸುಕಿದ್ದಾಗ ದುಭಾಷಿಗೆ ಅದು ಕಣ್ಣಿಗೇ ಬೀಳುವುದಿಲ್ಲ. ಇನ್ನು ‘ಮಾಮ’ ಎಂಬ ಪದವಿದೆ. ತಾಯಿಯ ತಮ್ಮ, ಎದುರುಮನೆಯವನು, ಆಟೋ ಓಡಿಸುವವನು, ಅಂಗಡಿಯವನು ಎಲ್ಲರೂ ಮಾಮಂದಿರೇ. ಬರೆಯುವವರು ಅದನ್ನು ‘ಸೋದರಮಾವ’ ಎಂದು ಬಿಡಿಸಿ ಬರೆದರೆ ಏನೂ ಅರಿಯದ ಒಬ್ಬ ಮನುಷ್ಯನ ಮನೆಗೆ ಪೊಲೀಸರು ಹೋಗುತ್ತಾರೆ, ನಿಜವಾದವನು ಊರು ಬಿಡುತ್ತಾನೆ.

ಬೇರೆ ಭಾಷೆಯ ಮಾತೇಕೆ, ಕನ್ನಡದೊಳಗೇ ಇದು ಉಂಟು. ಹವ್ಯಕರ ಮನೆಗಳಲ್ಲಿ ‘ಅಪ್ಪಚ್ಚಿ’ ಎಂದರೆ ಚಿಕ್ಕಪ್ಪ. ಬಯಲುಸೀಮೆಯಿಂದ ವರ್ಗವಾಗಿ ಬಂದು ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವವರಿಗೆ ಅದರಲ್ಲಿ ಅಪ್ಪ ಮಾತ್ರ ಕೇಳಿಸಿದರೆ ಆಶ್ಚರ್ಯವಿಲ್ಲ. ಮಗುವಿಗೆ ಕನ್ನಡ ಬರುತ್ತದೆ ಎಂದು ಬರೆದುಕೊಂಡ ಕಡೆಯಲ್ಲಿಯೂ ಯಾವ ಕನ್ನಡ ಎಂದು ಕೇಳುವುದು ಒಳ್ಳೆಯದು.

ಇಷ್ಟೆಲ್ಲ ಸೂಕ್ಷ್ಮಗಳಿಗೆ ಬರುವ ಮೊದಲೇ ಕೆಡುವ ಪ್ರಕರಣಗಳು ಇವೆ. ಒಂದು ಠಾಣೆಗೆ ನಾನು ತಲುಪುವ ವೇಳೆಗೆ ಮಗುವಿನ ಹತ್ತಿರದ ಸಂಬಂಧಿಯೊಬ್ಬರೇ ಅನುವಾದಕ್ಕೆ ನಿಂತಿದ್ದರು. ದುಭಾಷಿ ಬರುವವರೆಗೆ ಸಮಯ ಹಾಳಾಗದಿರಲಿ ಎಂಬ ಸದುದ್ದೇಶ ಠಾಣೆಯವರದು. ಮಗು ಎರಡು ನಿಮಿಷ ಬಿಡದೆ ಮಾತನಾಡಿತು, ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ನನಗೆ ಅದರ ಪ್ರತಿಯೊಂದು ಪದವೂ ಕೇಳಿಸುತ್ತಿತ್ತು. ಆ ಸಂಬಂಧಿಕರು ಅದನ್ನು ಕನ್ನಡಕ್ಕೆ ತಂದದ್ದು ಹೀಗೆ: “ಏನೂ ಇಲ್ಲವಂತೆ ಸಾರ್.” ಆತ ಕೆಟ್ಟ ಮನುಷ್ಯನಲ್ಲ, ಮನೆಯ ಮರ್ಯಾದೆ ಹೋಗುತ್ತದೆ, ನಾಳೆ ಹುಡುಗಿಗೆ ಗಂಡು ಸಿಗುವುದಿಲ್ಲ ಎಂಬ ಹೆದರಿಕೆ ಅವನದು. ಆದರೆ ದುಭಾಷಿ ಪಕ್ಷಪಾತವಿಲ್ಲದವನಾಗಿರಬೇಕು, ತನಗೆ ಅದರಲ್ಲಿ ಹಿತಾಸಕ್ತಿ ಇದ್ದರೆ ಮೊದಲೇ ತಿಳಿಸಬೇಕು, ಸೇರಿಸದೆ ಬಿಡದೆ ಪೂರ್ತಿಯಾಗಿ ಅನುವಾದಿಸಬೇಕು ಎಂದು 2020ರ ನಿಯಮಗಳು ಹೇಳುವುದು ಇಂಥ ಒಳ್ಳೆಯ ಮನುಷ್ಯರನ್ನು ಕುರಿತೇ ಎಂದು ನನಗೆ ತೋರುತ್ತದೆ.

ಇದರ ಇನ್ನೊಂದು ಮಗ್ಗುಲು ನನಗೇ ಚುಚ್ಚುತ್ತದೆ. ಶಿವಮೊಗ್ಗ ದೊಡ್ಡ ಊರೇನಲ್ಲ. ದಖ್ಖನಿ ಬಲ್ಲ ದುಭಾಷಿ ಬಂದಿದ್ದಾಳೆ ಎಂದರೆ ಮನೆಯವರ ಮೊದಲ ಪ್ರಶ್ನೆ, ಇವಳು ಯಾರ ಮಗಳು, ಯಾವ ಮೊಹಲ್ಲಾದವಳು, ಇವಳ ಬಾಯಿಂದ ಮದುವೆ ಮನೆಗಳಿಗೆ ಎಷ್ಟು ಹೋಗುತ್ತದೆ ಎಂಬುದೇ. ಭಾಷೆ ಹತ್ತಿರವಾದಷ್ಟೂ ಭಯ ಹೆಚ್ಚು. ಹಾಗಾಗಿ ಮನೆಯವರಲ್ಲಿ ಯಾರಾದರೂ ನನ್ನ ದೂರದ ಪರಿಚಯದವರೆಂದು ತಿಳಿದರೂ ನಾನು ಹಿಂದೆ ಸರಿದು ಭದ್ರಾವತಿಯ ಕಡೆಯ ಇನ್ನೊಬ್ಬರ ಹೆಸರು ಸೂಚಿಸುತ್ತೇನೆ. ದುಭಾಷಿ ಹೆಂಗಸಾಗಿರಬೇಕೋ ಗಂಡಸಾಗಿರಬೇಕೋ ಎಂಬ ವಿಚಾರದಲ್ಲಿ ಮಗು ಇಷ್ಟ ಹೇಳಿದರೆ ಅದನ್ನು ಪರಿಗಣಿಸಬಹುದೆಂದು ನಿಯಮವೇ ಇದೆ, ಆದರೆ ಮಗುವನ್ನು ಆ ಪ್ರಶ್ನೆ ಕೇಳಿದವರನ್ನು ನಾನು ಕಂಡದ್ದು ಬೆರಳೆಣಿಕೆಯಷ್ಟು ಸಲ.

ಇಂಗ್ಲೆಂಡಿನ ಲೆಸ್ಟರ್ ಊರಿನಲ್ಲಿ ಪುಟ್ಟ ಮಕ್ಕಳ ಶಾಲೆಯೊಂದರಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗಳಿಗೆ ಇದನ್ನೆಲ್ಲ ಹೇಳಿದಾಗ, ಅಲ್ಲಿಯ ದಕ್ಷಿಣ ಏಷ್ಯಾದ ಮನೆಗಳಲ್ಲಿಯೂ ಇದೇ ಹೆದರಿಕೆ, ಇದೇ ಮರ್ಯಾದೆಯ ಮಾತು ಎಂದಳು. 1884ರಿಂದ ಮಕ್ಕಳ ಮೇಲಿನ ಕ್ರೌರ್ಯದ ವಿರುದ್ಧ ಕೆಲಸ ಮಾಡುತ್ತಿರುವ ಅಲ್ಲಿನ ಎನ್‌ಎಸ್‌ಪಿಸಿಸಿ ಸಂಸ್ಥೆ ಏಷ್ಯಾ ಮೂಲದ ಕುಟುಂಬಗಳಿಗಾಗಿ ಬಂಗಾಳಿ, ಗುಜರಾತಿ, ಹಿಂದಿ, ಪಂಜಾಬಿ, ಉರ್ದು ಭಾಷೆಗಳಲ್ಲಿ ಬೇರೆ ಬೇರೆ ಸಹಾಯವಾಣಿ ಸಂಖ್ಯೆಗಳನ್ನೇ ಇಟ್ಟು ನಡೆಸಿತ್ತು. ಆದರೆ ಅಲ್ಲಿ ಭಾಷೆಯ ವಿಚಾರವನ್ನು ಕಟ್ಟುನಿಟ್ಟಾಗಿಸಿದ ಪ್ರಕರಣಗಳಲ್ಲೊಂದು ಏಷ್ಯಾದ ಮಗುವಿನದಲ್ಲ. ಐವರಿ ಕೋಸ್ಟಿನಿಂದ ಬಂದಿದ್ದ, ಫ್ರೆಂಚ್ ಮಾತನಾಡುತ್ತಿದ್ದ ವಿಕ್ಟೋರಿಯಾ ಕ್ಲಿಂಬಿಯೆ ಎಂಬ ಎಂಟು ವರ್ಷದ ಹುಡುಗಿ 2000ದ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ತನ್ನನ್ನು ಸಾಕುತ್ತಿದ್ದವರ ಹಿಂಸೆಯಿಂದ ಸತ್ತಳು. ಆಸ್ಪತ್ರೆ, ಪೊಲೀಸು, ಸಮಾಜ ಸೇವಾ ಇಲಾಖೆ ಎಲ್ಲರೂ ಅವಳನ್ನು ಕಂಡಿದ್ದರು. ಅವಳೊಡನೆ ಅವಳ ಮಾತಿನಲ್ಲಿ ಕುಳಿತು ಮಾತನಾಡಿದವರಿಲ್ಲ ಎನ್ನುವಷ್ಟು ಕಡಿಮೆ. ಲಾರ್ಡ್ ಲೇಮಿಂಗ್ ಅವರ ವಿಚಾರಣಾ ವರದಿ 2003ರಲ್ಲಿ ಬಂತು. ಅದರ 108 ಶಿಫಾರಸುಗಳಲ್ಲಿ ಹದಿನೆಂಟನೆಯದು, ಮಗುವಿನ ಮೊದಲ ಭಾಷೆ ಇಂಗ್ಲಿಷ್ ಅಲ್ಲದಿದ್ದರೆ ದುಭಾಷಿಯನ್ನು ಬಳಸಲೇಬೇಕು, ಬಳಸದೆ ಬಿಟ್ಟರೆ ಏಕೆ ಬಿಟ್ಟೆವೆಂದು ಕಡತದಲ್ಲಿ ಬರೆದಿಡಬೇಕು ಎನ್ನುತ್ತದೆ. ನಮ್ಮ 19(4)ರಲ್ಲಿ ಮೊದಲನೆಯ ಮಾತು ಇದೆ, ಎರಡನೆಯದು ಇಲ್ಲ. ನನಗೆ ಹೊಟ್ಟೆಕಿಚ್ಚಾಗುವುದು ಆ ಎರಡನೆಯ ಮಾತಿನ ಮೇಲೆ. ಕಾರಣ ಬರೆಯಬೇಕಾಗಿ ಬಂದಾಗ ‘ಮಗುವಿಗೆ ಸ್ವಲ್ಪ ಸ್ವಲ್ಪ ಕನ್ನಡ ಬರುತ್ತಿತ್ತು’ ಎಂಬುದು ಕಾರಣದಂತೆ ಕಾಣುವುದಿಲ್ಲ.

ಮಲೆನಾಡಿನಲ್ಲಿ ಈಗ ಆ ಸ್ವಲ್ಪ ಸ್ವಲ್ಪ ಕನ್ನಡದ ಮಕ್ಕಳು ಎಷ್ಟೋ ಇದ್ದಾರೆ. ಶಿಕಾರಿಪುರ ಸೀಮೆಯ ತಾಂಡಾಗಳ ಲಂಬಾಣಿ, ಹಕ್ಕಿಪಿಕ್ಕಿ ಜನರ ವಾಗ್ರಿ, ಕೊಂಕಣಿ, ತುಳು, ಮಲಯಾಳ ಇವೆಲ್ಲ ಇಲ್ಲಿ ತಲೆಮಾರುಗಳಿಂದ ಇದ್ದ ಮಾತುಗಳು. ಅವುಗಳಿಗೆ ದುಭಾಷಿಗಳನ್ನು ಹುಡುಕಿದರೆ ಸಿಗುತ್ತಾರೆ. ಹೊಸದಾಗಿ ಬಂದದ್ದು ಕಾಫಿ ತೋಟದ ಲೈನ್ ಮನೆಗಳಿಗೂ ಅಡಿಕೆ ಸುಗ್ಗಿಗೂ ಅಸ್ಸಾಂ, ಜಾರ್ಖಂಡ್, ಬಂಗಾಳದ ಕಡೆಯಿಂದ ಕುಟುಂಬ ಸಮೇತ ಬರುವವರ ಮಾತುಗಳು. ಇವರನ್ನೆಲ್ಲ ಒಟ್ಟಾಗಿ ‘ಹಿಂದಿಯವರು’ ಎಂದು ಕರೆದುಬಿಡುತ್ತೇವೆ. ದೊಡ್ಡವರು ಕೆಲಸಕ್ಕೆ ಬೇಕಾದಷ್ಟು ಹಿಂದಿ ಆಡುತ್ತಾರೆ ನಿಜ, ಮಕ್ಕಳು ಮನೆಯಲ್ಲಿ ಆಡುವುದು ಬೇರೆ. ಅವರಲ್ಲಿ ಶಾಲೆಗೆ ಹೋಗುವ ಹುಡುಗ ಆರು ತಿಂಗಳಲ್ಲಿ ಕನ್ನಡ ಕಲಿತು ಅಮ್ಮನಿಗೆ ಆಸ್ಪತ್ರೆಯಲ್ಲಿ, ಅಪ್ಪನಿಗೆ ರೇಷನ್ ಅಂಗಡಿಯಲ್ಲಿ ದುಭಾಷಿಯಾಗುತ್ತಾನೆ. ಅದು ನೋಡಲು ಚೆಂದ. ಆದರೆ ತಂಗಿಗೆ ಏನಾದರೂ ಆದ ದಿನವೂ ಅವನನ್ನೇ ಕರೆದು ಕೇಳಿದರೆ ಒಂದು ಮಗುವಿನ ಭಾರವನ್ನು ಇಬ್ಬರು ಮಕ್ಕಳ ಮೇಲೆ ಹಾಕಿದಂತೆ. ಮಕ್ಕಳ ಸಹಾಯವಾಣಿಯಾದ 1098 ಸಂಖ್ಯೆಗೆ ಹಗಲಿರುಳೆನ್ನದೆ ಪುಕ್ಕಟೆ ಕರೆ ಮಾಡಬಹುದು, 2023ರಿಂದ ಅದನ್ನು ತುರ್ತು ಕರೆಯ ಸಂಖ್ಯೆಯಾದ 112ರೊಂದಿಗೆ ಜೋಡಿಸುತ್ತಾ ಬಂದಿದ್ದಾರೆ. ಲೈನ್ ಮನೆಗಳಲ್ಲಿ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಬೇಕು ಎಂಬುದು ಬೇರೆ ಮಾತು. ಯಾರೇ ಕರೆ ಮಾಡುವುದಿದ್ದರೂ ಮಗು ಆಡುವ ಭಾಷೆ ಯಾವುದು ಎಂದು ಮೊದಲ ಮಾತಿನಲ್ಲಿಯೇ ಹೇಳಿರಿ, ದುಭಾಷಿಯನ್ನು ಹುಡುಕುವ ಕೆಲಸ ಆ ಗಳಿಗೆಯಿಂದಲೇ ಶುರುವಾಗಲಿ.

ಇತ್ತೀಚೆಗೆ ಅಂಥದೊಂದು ಕರೆಯ ನಂತರ ನನ್ನನ್ನು ಹಿಂದಿಗೆಂದು ಕರೆಸಿದರು. ಮಗು ನನ್ನ ಹಿಂದಿಗೆ ತಲೆಯಾಡಿಸುತ್ತಿತ್ತು, ಉತ್ತರ ಮಾತ್ರ ಬರಲಿಲ್ಲ. ತಲೆಯಾಡಿಸುವುದೆಲ್ಲ ಒಪ್ಪಿಗೆಯಲ್ಲವೆಂದು ಶಾಲೆಯಲ್ಲಿ ಮಗ್ಗಿ ಹೇಳಿಸಿದವರಿಗೆಲ್ಲ ಗೊತ್ತು. ವಿಚಾರಿಸಿದಾಗ ಅದರ ಮನೆಮಾತು ಸಾದ್ರಿ ಎಂದು ತಿಳಿಯಿತು. ಜಾರ್ಖಂಡಿನಲ್ಲಿಯೂ ಅಸ್ಸಾಮಿನ ಚಹಾ ತೋಟಗಳ ಆದಿವಾಸಿಗಳಲ್ಲಿಯೂ ಆಡುವ ಮಾತು ಅದು. ವಹಿಯಲ್ಲಿ ಸಾದ್ರಿ ಬಲ್ಲವರ ಹೆಸರೇ ಇರಲಿಲ್ಲ. ಮಗುವಿನ ಕುಟುಂಬಕ್ಕೆ ಏನೇನೂ ಸಂಬಂಧವಿಲ್ಲದ, ಬಹಳ ದೂರದ ತೋಟವೊಂದರಲ್ಲಿ ದುಡಿಯುವ ಹೆಣ್ಣುಮಗಳೊಬ್ಬಳು ಅರ್ಧ ದಿನದ ಹುಡುಕಾಟದ ನಂತರ ಫೋನಿನಲ್ಲಿ ಸಿಕ್ಕಳು. ಅವಳು ಸಾದ್ರಿಯಿಂದ ಹಿಂದಿಗೆ, ನಾನು ಹಿಂದಿಯಿಂದ ಕನ್ನಡಕ್ಕೆ. ಶುರು ಮಾಡುವ ಮೊದಲು ಅವಳಿಗೆ ‘ನಾನು’ ಎಂದೇ ಹೇಳುವ ಕ್ರಮವನ್ನು ವಿವರಿಸಿದೆ. ಅವಳು ನಕ್ಕು, “ದೀದಿ, ಫಿರ್ ತೋ ಮೈಂ ಛೋಟೀ ಹೋ ಗಯೀ” ಎಂದಳು, ಹಾಗಾದರೆ ನಾನು ಪುಟ್ಟವಳಾದೆ ಎಂದು. ಮಗು ಫೋನಿನ ಕಡೆಗೆ ಬಾಗಿ ಮಾತನಾಡತೊಡಗಿತು.

ಮಾರನೆಯ ವಾರ ಆ ಹೆಣ್ಣುಮಗಳ ಹೆಸರನ್ನು ವಹಿಗೆ ಸೇರಿಸುವಾಗ ನಾನೂ ಅಲ್ಲಿದ್ದೆ. ಭಾಷೆಯ ಅಂಕಣದಲ್ಲಿ ಗುಮಾಸ್ತರು ‘ಹಿಂದಿ’ ಎಂದು ಬರೆದಿದ್ದರು. ಹೊಡೆದುಹಾಕಿ ‘ಸಾದ್ರಿ’ ಎಂದು ಬರೆಯಿರಿ ಎಂದೆ. “ಅದಕ್ಕೆ ದ ಕೊಡಬೇಕೋ ಧ ಕೊಡಬೇಕೋ ಮೇಡಂ?” ಎಂದು ಕೇಳಿದರು. ಅವಳಿಗೇ ಫೋನು ಹಚ್ಚಿ, ಎರಡು ಸಲ ಹೇಳಿಸಿ ಕೇಳಿ, ‘ದ’ ಎಂದೇ ಬರೆದರು.